ಠಾಣೆಯ ಲೆಕ್ಕಕ್ಕೆ ಸಿಗದ ಮನೆಗಳು

1990ರ ದಶಕದ ಬೆಂಗಳೂರಿನ ಪತ್ರಿಕೆಗಳ ಒಳಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು: ಸ್ಟೌ ಸಿಡಿದು ಗೃಹಿಣಿ ಸಾವು. ನಾಲ್ಕೈದು ಸಾಲು, ಬಡಾವಣೆಯ ಹೆಸರು, ವಯಸ್ಸು, ಮದುವೆಯಾಗಿ ಎಷ್ಟು ವರ್ಷ ಎಂಬುದು. ಠಾಣೆಯಲ್ಲಿ ಅದು ಯುಡಿಆರ್ ಆಗಿ, ಅಂದರೆ ಅಸ್ವಾಭಾವಿಕ ಮರಣದ ವರದಿಯಾಗಿ ದಾಖಲಾಗುತ್ತಿತ್ತು. ಅಂಥ ಕಡತಗಳಲ್ಲಿ ಬಹಳಷ್ಟು ಅಡುಗೆಮನೆಯ ಅಪಘಾತ ಎಂಬ ಷರಾದೊಂದಿಗೆ ಮುಗಿಯುತ್ತಿದ್ದವು. 1979ರಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಆ ಹೆಂಗಸರ ಪಕ್ಕದಲ್ಲಿ ಕೂತು ಕೇಳಿದರು, ಪೊಲೀಸ್ ಕಡತಗಳನ್ನು ತೆಗೆಸಿ ಓದಿದರು. ಆ ದಶಕದ ಕೊನೆಯ ವರ್ಷಗಳಲ್ಲಿ ಈ ನಗರವೊಂದರಲ್ಲೇ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಹೆಂಗಸರ ಸಾವುಗಳು ಅಸ್ವಾಭಾವಿಕ ಎಂದು ದಾಖಲಾಗುತ್ತಿದ್ದವು. ಅದರಲ್ಲಿ ವರದಕ್ಷಿಣೆ ಸಾವು ಎಂದು ಪೊಲೀಸರು ಬರೆದುಕೊಂಡದ್ದು ಸಣ್ಣ ಪಾಲು ಮಾತ್ರ.

ಸೀಮೆಎಣ್ಣೆ ಸ್ಟೌ ಈಗ ನಗರದ ಅಡುಗೆಮನೆಗಳಿಂದ ಹೆಚ್ಚುಕಡಿಮೆ ಹೊರಟುಹೋಗಿದೆ. ಸಾವುಗಳು ಹೋಗಿಲ್ಲ. ಇಂದಿನ ಸುದ್ದಿಯಲ್ಲಿ ನೇಣು ಬಿಗಿದ ಸ್ಥಿತಿಯಲ್ಲಿ ಪತ್ತೆ ಎಂದಿರುತ್ತದೆ, ಅಥವಾ ಮಹಡಿಯಿಂದ ಬಿದ್ದು ಎಂದಿರುತ್ತದೆ. ಶವಾಗಾರದ ಹೊರಗೆ ನಿಂತ ತಂದೆ ತಾಯಿ ಹೇಳುವ ಮಾತು ಮಾತ್ರ ಆಗಿನದೇ: ‘ಹೋದ ವರ್ಷವೂ ಹೀಗೇ ಆಗಿತ್ತು ಸ್ವಾಮಿ, ಎರಡು ಸಲ ರಾಜಿ ಪಂಚಾಯಿತಿ ಮಾಡಿಸಿ ಕಳಿಸಿದ್ದೆವು.’ ಕೌಟುಂಬಿಕ ಅಪರಾಧದ ಅಂಕಿಗಳನ್ನು ಓದುವಾಗ ನನಗೆ ಬೇಕಾದದ್ದು ಆ ಎರಡು ಸಲದ ಲೆಕ್ಕ. ಅದು ಯಾವ ವರದಿಯಲ್ಲೂ ಸಿಗುವುದಿಲ್ಲ.

ಸಿಗುವ ಲೆಕ್ಕದಿಂದಲೇ ಶುರು ಮಾಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿ ಹೊರಬಂದ ಮರುದಿನ ಬೆಂಗಳೂರಿನ ಹೆಸರು ತಲೆಬರಹಕ್ಕೆ ಏರುತ್ತದೆ. ವರದಕ್ಷಿಣೆ ನಿಷೇಧ ಕಾಯ್ದೆಯಡಿ ದೇಶದ ಮಹಾನಗರಗಳಲ್ಲಿ ದಾಖಲಾಗುವ ಪ್ರಕರಣಗಳಲ್ಲಿ ಬಹುಪಾಲು ಬೆಂಗಳೂರಿನವು ಎಂದು ಈಚಿನ ವರದಿಗಳು ಹೇಳುತ್ತವೆ. ಅದೇ ವರದಿಯಲ್ಲಿ ಗಂಡ ಮತ್ತವನ ಸಂಬಂಧಿಕರ ಕ್ರೌರ್ಯ ಎಂಬ ಕಾಲಂ ನೋಡಿದರೆ, ವರದಕ್ಷಿಣೆ ಸಾವಿನ ಕಾಲಂ ನೋಡಿದರೆ, ದಿಲ್ಲಿ ಮುಂದಿದೆ. ವರದಕ್ಷಿಣೆ ಕೇಳುವವರೆಲ್ಲ ಬೆಂಗಳೂರಿನಲ್ಲೇ ಇದ್ದಾರೆ, ಕೊಲ್ಲುವವರು ಮಾತ್ರ ದಿಲ್ಲಿಯಲ್ಲಿದ್ದಾರೆ ಎಂದು ಯಾರೂ ನಂಬುವುದಿಲ್ಲ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಒಂದು ಮುಖ್ಯ ಕಾರಣ ಎಣಿಕೆಯ ನಿಯಮದಲ್ಲಿದೆ. ಒಂದೇ ಎಫ್‌ಐಆರ್‌ನಲ್ಲಿ ನಾಲ್ಕೈದು ಕಲಂಗಳಿದ್ದರೆ ಬ್ಯೂರೊ ಅದನ್ನು ಅತಿ ಗಂಭೀರವಾದ ಒಂದು ಕಲಂನಡಿ ಮಾತ್ರ ಎಣಿಸುತ್ತದೆ. ಗಂಡ ಮತ್ತವನ ಸಂಬಂಧಿಕರ ಕ್ರೌರ್ಯಕ್ಕೆಂದು 1983ರಲ್ಲಿ ಐಪಿಸಿಗೆ ಸೇರಿದ 498ಎ ಕಲಂಗೆ ಗರಿಷ್ಠ 3 ವರ್ಷ ಶಿಕ್ಷೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 3ನೇ ಕಲಂಗೆ ಕನಿಷ್ಠವೇ 5 ವರ್ಷ. ಕರ್ನಾಟಕದ ಠಾಣೆಗಳಲ್ಲಿ 498ಎ ಜತೆಗೆ ‘ಡಿಪಿ ಆ್ಯಕ್ಟ್ 3 ಮತ್ತು 4’ ಸೇರಿಸಿ ಬರೆಯುವುದು ಹಳೆಯ ರೂಢಿ; ಹೈಕೋರ್ಟಿನ ತೀರ್ಪುಗಳಲ್ಲಿ ಈ ಜೋಡಿ ಎಷ್ಟು ಸಲ ಬರುತ್ತದೆಂದರೆ ವಕೀಲರಿಗೆ ಅದು ಬಾಯಿಪಾಠ. ಹೀಗೆ ಬರೆದಾಗ ಹೊಡೆತದ ದೂರು ವರದಕ್ಷಿಣೆಯ ಕಾಲಂಗೆ ಹೋಗಿ ಕೂರುತ್ತದೆ. ಬೆಂಗಳೂರಿನ ವಿಚಿತ್ರ ಅಂಕಿಗೆ ಇದರ ಪಾಲು ದೊಡ್ಡದು ಎಂಬುದು ನನ್ನ ಓದು. ಠಾಣೆಯ ಬರಹಗಾರ ಯಾವ ಕಲಂ ಹಾಕುತ್ತಾನೆ ಎಂಬುದರ ಮೇಲೆ ಒಂದು ನಗರದ ಚಿತ್ರವೇ ಬದಲಾಗಬಹುದು.

ಇನ್ನೊಂದು ಕಾರಣ, ಎಲ್ಲ ದೂರೂ ಎಫ್‌ಐಆರ್ ಆಗುವುದಿಲ್ಲ. ಆಗಬೇಕೆಂದೂ ಇಲ್ಲ. ಲಲಿತಾ ಕುಮಾರಿ ಪ್ರಕರಣದ 2013ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್ ಕಡ್ಡಾಯ ಎಂದಿತಾದರೂ ವೈವಾಹಿಕ ಜಗಳಗಳಲ್ಲಿ ಪ್ರಾಥಮಿಕ ವಿಚಾರಣೆಗೆ ಅವಕಾಶ ಬಿಟ್ಟಿತು. 2014ರ ಅರ್ನೇಶ್ ಕುಮಾರ್ ತೀರ್ಪು 498ಎ ಅಡಿ ದೂರು ಬಂದ ಕೂಡಲೇ ಬಂಧಿಸಬಾರದು, ಕಾರಣ ಬರೆದಿಡಬೇಕು ಎಂದಿತು. ಎರಡೂ ಸರಿಯಾದ ಮಾತುಗಳೇ. ಆದರೆ ಠಾಣೆಗೆ ಬಂದಾಗ ಅವು ಬೇರೆ ರೂಪ ತಾಳುತ್ತವೆ. ಹೆಂಡತಿ ಕೊಟ್ಟ ಅರ್ಜಿಗೆ ಒಂದು ಸ್ವೀಕೃತಿ, ಗಂಡನಿಗೆ ಫೋನು, ಇಬ್ಬರನ್ನೂ ಕೂರಿಸಿ ಎರಡು ಮಾತು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಗಂಡನಿಂದ ಒಂದು ಮುಚ್ಚಳಿಕೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಈ ಹೊತ್ತಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಗಾದೆಯನ್ನು ನಾವು ಬಿಟ್ಟುಬಿಡಬೇಕು. ಉಂಡು ಮಲಗಿದ ಮೇಲೆ ಏನಾಯಿತು ಎಂದು ಕೇಳುವವರಿಲ್ಲದ ಮನೆಗಳಲ್ಲಿ ಅದು ಹೆಣ್ಣಿನ ಪ್ರಾಣ ತೆಗೆದಿದೆ.

1999ರಲ್ಲಿ ಪೊಲೀಸ್ ಕಮಿಷನರ್ ಕಚೇರಿಯ ಆವರಣದಲ್ಲಿ ಶುರುವಾದ ವನಿತಾ ಸಹಾಯವಾಣಿಯಂಥ ಕೇಂದ್ರಗಳು ಇಬ್ಬರನ್ನೂ ಕೂರಿಸಿ ಮಾತಾಡುವ ಈ ಕೆಲಸವನ್ನು ತಿಳಿವಳಿಕೆಯಿಂದ ಮಾಡಿವೆ. ಅಲ್ಲಿ ಆಪ್ತ ಸಮಾಲೋಚಕರು ಗಂಟೆಗಟ್ಟಲೆ ಕೇಳಿಸಿಕೊಂಡು, ಮುಂದಿನ ತಾರೀಕು ಕೊಟ್ಟು, ಬಾರದಿದ್ದರೆ ಫೋನು ಮಾಡಿದ್ದಾರೆ. ಅಲ್ಲಿಗೆ ಹೋದ ದೂರು ಬ್ಯೂರೊದ ಪುಸ್ತಕಕ್ಕೆ ಬರುವುದಿಲ್ಲ. ಹಾಗಾಗಿ ಒಂದು ವರ್ಷ ಅಂಕಿ ಏರಿದರೆ ಕ್ರೌರ್ಯ ಹೆಚ್ಚಿತು ಎಂದಾಗಲೀ, ಇಳಿದರೆ ಮನೆಗಳು ಶಾಂತವಾದವು ಎಂದಾಗಲೀ ಓದಬೇಡಿ. ಯಾವ ಬಾಗಿಲು ಆ ವರ್ಷ ಎಷ್ಟು ತೆರೆದಿತ್ತು ಎಂಬುದನ್ನು ಆ ಅಂಕಿ ಹೇಳುತ್ತದೆ, ಅಷ್ಟೆ.

ಬಾಗಿಲಿನಾಚೆ ಏನಿದೆ ಎಂದು ತಿಳಿಯಲು ಮನೆಗೇ ಹೋಗಿ ಕೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಆ ಕೆಲಸ ಮಾಡುತ್ತದೆ. ಅದರ ಐದನೇ ಸುತ್ತಿನಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಹೆಂಗಸರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ನಾಲ್ಕನೇ ಸುತ್ತಿನಲ್ಲಿ ಇದು ಶೇ 20.6 ಇತ್ತು. ಐದನೇ ಸುತ್ತಿನಲ್ಲಿ ಯಾವ ರಾಜ್ಯದಲ್ಲೂ ಈ ಪ್ರಮಾಣ ಕರ್ನಾಟಕದಷ್ಟು ಇರಲಿಲ್ಲ. ಇದನ್ನು ಲಾಕ್‌ಡೌನ್ ತಲೆಗೆ ಕಟ್ಟುವವರಿದ್ದಾರೆ. ಕರ್ನಾಟಕದಲ್ಲಿ ಆ ಸಮೀಕ್ಷೆ ನಡೆದದ್ದು 2019ರ ದ್ವಿತೀಯಾರ್ಧದಲ್ಲಿ. ಕೊರೊನಾ ಎಂಬ ಹೆಸರನ್ನೇ ನಾವಾಗ ಕೇಳಿರಲಿಲ್ಲ. ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ, ಹೊಡೆತವೇ ಹೆಚ್ಚಿತೋ, ಕೇಳುವವರು ಚೆನ್ನಾಗಿ ಕೇಳಿದರೋ. ಮೂರೂ ಸ್ವಲ್ಪ ಸ್ವಲ್ಪ ಇರಬಹುದು. ನನ್ನನ್ನು ಹೆಚ್ಚು ಕಾಡಿದ್ದು ಅದೇ ಸಮೀಕ್ಷೆಯ ಇನ್ನೊಂದು ಪ್ರಶ್ನೆಯ ಉತ್ತರ. ಅತ್ತೆ ಮಾವನಿಗೆ ಗೌರವ ಕೊಡದಿದ್ದರೆ, ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ ಹೆಂಡತಿಯನ್ನು ಹೊಡೆಯಬಹುದೇ ಎಂದು ಕೇಳಿದಾಗ, ಇಂಥ ಯಾವುದಾದರೂ ಒಂದು ಕಾರಣಕ್ಕಾದರೂ ಹೊಡೆಯಬಹುದು ಎಂದವರು ಕರ್ನಾಟಕದ ಗಂಡಸರಲ್ಲಿ ಸುಮಾರು ಶೇ 82, ಹೆಂಗಸರಲ್ಲಿ ಸುಮಾರು ಶೇ 77. ಹಿಂಸೆಗೆ ಒಳಗಾದ ಹೆಂಗಸರಲ್ಲಿ ನೆರವು ಕೇಳಿದವರು ಇಡೀ ದೇಶದಲ್ಲಿ ಶೇ 14 ಮಾತ್ರ. ಠಾಣೆಯ ಅಂಕಿಗಳು ಹುಟ್ಟುವುದು ಈ ಹದಿನಾಲ್ಕರೊಳಗಿನ ಒಂದು ತುಣುಕಿನಿಂದ.

ಹಾಗಿದ್ದೂ ಮನೆಯೊಳಗಿನ ಹಿಂಸೆಯ ದಿಕ್ಕು ಬದಲಾದದ್ದು ಕಾಣುತ್ತದೆ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ 65 ಲಕ್ಷ, 2011ರಲ್ಲಿ 96 ಲಕ್ಷ. ಹತ್ತು ವರ್ಷದಲ್ಲಿ ಸೇರಿದ ಆ 31 ಲಕ್ಷದಲ್ಲಿ ದೊಡ್ಡ ಪಾಲು ಊರು ಬಿಟ್ಟು ಬಂದವರದು. ಅತ್ತೆ ಮಾವ, ಮೈದುನ ನಾದಿನಿಯರಿದ್ದ ವಠಾರದ ಮನೆಯಲ್ಲಿ ಹಿಂಸೆಗೆ ಹಲವು ಕೈಗಳಿದ್ದವು, ಆದರೆ ಪಕ್ಕದ ಮನೆಯ ಅಜ್ಜಿ ಒಳಗೆ ನುಗ್ಗಿ ಬಂದು ಬಿಡಿಸುವ ಸಾಧ್ಯತೆಯೂ ಇತ್ತು. ಈಗಿನ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ತವರು ರಾತ್ರಿ ಬಸ್ಸಿನ ದೂರದಲ್ಲಿ, ಬಹಳ ಸಲ ಬೇರೆ ರಾಜ್ಯದಲ್ಲಿ. ಹೊಡೆತದ ಜತೆಗೆ ಹೊಸ ಹಿಡಿತಗಳು ಬಂದಿವೆ: ಅವಳ ಸಂಬಳದ ಎಟಿಎಂ ಕಾರ್ಡ್ ಅವನ ಜೇಬಿನಲ್ಲಿ, ಅವಳ ಹೆಸರಿನಲ್ಲಿ ವೈಯಕ್ತಿಕ ಸಾಲ, ಅವಳ ಫೋನಿನ ಪಾಸ್‌ವರ್ಡ್, ಅವಳು ಎಲ್ಲಿದ್ದಾಳೆಂದು ತೋರಿಸುವ ಆ್ಯಪು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಲಕ್ಷಾಂತರ ಹೆಂಗಸರಿಗೂ ಐಟಿ ಪಾರ್ಕಿನ ಎಂಜಿನಿಯರಿಗೂ ಇದರಲ್ಲಿ ಭೇದವಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ (ಡಿವಿ ಕಾಯ್ದೆ) 2005ರಲ್ಲೇ ಹಣಕಾಸಿನ ದೌರ್ಜನ್ಯವನ್ನು ಹೊಡೆತದಷ್ಟೇ ಸ್ಪಷ್ಟವಾಗಿ ಬರೆದಿಟ್ಟಿದೆ. ದುಡ್ಡು ಕಿತ್ತುಕೊಳ್ಳುವುದೂ ಹಿಂಸೆ ಎಂದು ಠಾಣೆಯಲ್ಲಿ ಒಪ್ಪಿಸುವುದು ಇಂದಿಗೂ ಕಷ್ಟ.

ಇನ್ನೊಂದು ದಿಕ್ಕು ಭೂಮಿಯದು. ಇದನ್ನು ಕೌಟುಂಬಿಕ ಅಪರಾಧವೆಂದು ನಾವು ಕರೆಯುವುದೇ ಇಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅದಕ್ಕೂ ಮೊದಲೇ ಸುತ್ತಲಿನ ಎಕರೆಗಳ ಬೆಲೆ ರಾಗಿ ಹೊಲದ ಬೆಲೆಯಾಗಿ ಉಳಿದಿರಲಿಲ್ಲ. ಹೊಸಕೋಟೆ, ಆನೇಕಲ್, ನೆಲಮಂಗಲದ ಕಡೆಗೂ ಅದೇ ಆಯಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತ್ತು, ಕೇಂದ್ರ 2005ರಲ್ಲಿ ತಂದಿತು, 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉಳಿದಿದ್ದ ಗೊಂದಲವನ್ನೂ ತೆಗೆದುಹಾಕಿತು. ಹಕ್ಕಿಗೂ ಬೆಲೆಗೂ ಒಟ್ಟಿಗೆ ಜೀವ ಬಂದಾಗ ಅಣ್ಣ ತಮ್ಮಂದಿರು ಅಕ್ಕ ತಂಗಿಯರ ಮನೆಗೆ ಹಕ್ಕು ಖುಲಾಸೆ ಪತ್ರ ಹಿಡಿದು ಬಂದರು. ಸಹಿ ಹಾಕದಿದ್ದರೆ ಹಬ್ಬಕ್ಕೆ ಕರೆಯುವುದಿಲ್ಲ, ಅರಿಸಿನ ಕುಂಕುಮ ಬಂದ್. ಅಷ್ಟಕ್ಕೂ ಬಗ್ಗದವಳ ಹೆಸರನ್ನು ವಂಶವೃಕ್ಷದಿಂದಲೇ ಬಿಡಿಸಿ, ಭೂಸ್ವಾಧೀನದ ಪರಿಹಾರದ ಹಣ ಎತ್ತಿದ ಪ್ರಕರಣಗಳಿವೆ. ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡ ಜಿಪಿಎ ಎಂಬ ಅಧಿಕಾರ ಪತ್ರಗಳಿವೆ. ಠಾಣೆಯಲ್ಲಿ ಇವು ವಂಚನೆ, ನಕಲಿ ದಾಖಲೆ ಸೃಷ್ಟಿ ಎಂಬ ಕಾಲಂಗಳಿಗೆ ಹೋಗುತ್ತವೆ. ಮಾಡಿದವನು ಒಡಹುಟ್ಟಿದವನು ಎಂಬುದು ಅಂಕಿಯಿಂದ ಅಳಿಸಿಹೋಗುತ್ತದೆ.

ಹಿರಿಯರ ಸಂಕಟವೂ ಇದೇ ಭೂಮಿಗೆ ಅಂಟಿಕೊಂಡಿದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು 2002ರಲ್ಲಿ 1090 ಎಂಬ ಹಿರಿಯರ ಸಹಾಯವಾಣಿ ಶುರು ಮಾಡಿದರು. 2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಬಂದು ಉಪವಿಭಾಗಾಧಿಕಾರಿಯ ಮುಂದೆ ಜೀವನಾಂಶ ಕೇಳುವ ದಾರಿಯಾಯಿತು. ಮಕ್ಕಳಿಗೆ ದಾನಪತ್ರ ಮಾಡಿಕೊಟ್ಟ ಮೇಲೆ ಅವರು ನೋಡಿಕೊಳ್ಳದಿದ್ದರೆ ದಾನವನ್ನೇ ರದ್ದು ಮಾಡಬಹುದು ಎನ್ನುತ್ತದೆ ಅದರ 23ನೇ ಕಲಂ. ಆದರೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆಯೇ ಕೊಟ್ಟದ್ದು ಎಂಬುದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು, ನ್ಯಾಯಮಂಡಳಿ ಸ್ವತ್ತನ್ನು ಮರಳಿ ಕೊಡಿಸಲೂಬಹುದು ಎಂದಿತು. ದಾನಪತ್ರ ಬರೆಸಲು ಹೊರಟ ಅಪ್ಪ ಅಮ್ಮಂದಿರು ಆ ಒಂದು ಷರತ್ತಿನ ಸಾಲನ್ನು ಪತ್ರದಲ್ಲೇ ಬರೆಸಲಿ. ಮಗ ಬೇಸರಪಟ್ಟರೆ ಪಡಲಿ.

ಹಿರಿಯ ನಾಗರಿಕರ ಕಾಯ್ದೆಯೂ ಡಿವಿ ಕಾಯ್ದೆಯೂ ಒಂದೇ ಮನೆಯಲ್ಲಿ ಢಿಕ್ಕಿ ಹೊಡೆದ ಪ್ರಕರಣವೂ ಬೆಂಗಳೂರಿನದೇ. ಉತ್ತರ ಬೆಂಗಳೂರಿನ ಮನೆಯೊಂದರಿಂದ ಸೊಸೆಯನ್ನು ಹೊರಹಾಕಲು ಅತ್ತೆ ಮಾವ ಹಿರಿಯ ನಾಗರಿಕರ ಕಾಯ್ದೆಯ ಮೊರೆ ಹೋದರು. ಆ ಮನೆಯನ್ನು ಮಗ ಮೊದಲು ತಂದೆಯ ಹೆಸರಿಗೆ ಮಾಡಿದ್ದ, ತಂದೆ ಅದನ್ನು ತಾಯಿಗೆ ದಾನ ಕೊಟ್ಟಿದ್ದರು. ಉಪವಿಭಾಗಾಧಿಕಾರಿ ತೆರವಿಗೆ ಆದೇಶಿಸಿದರು, ಹೈಕೋರ್ಟ್ ಎತ್ತಿಹಿಡಿಯಿತು. 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ಹಿರಿಯರ ರಕ್ಷಣೆಯ ಕಾನೂನನ್ನು ಸೊಸೆಯ ವಾಸದ ಹಕ್ಕನ್ನು ಮುಗಿಸುವ ಆಯುಧ ಮಾಡಿಕೊಳ್ಳುವಂತಿಲ್ಲ, ಎರಡನ್ನೂ ಹೊಂದಿಸಿ ಓದಬೇಕು ಎಂದಿತು. ಹಿರಿಯರೂ ನೊಂದವರಿರಬಹುದು, ಸೊಸೆಯೂ ನೊಂದವಳಿರಬಹುದು. ಅಧಿಕಾರಿ ಮನೆಗೆ ಹೋಗಿ ನೋಡದೆ ಕಡತದಲ್ಲೇ ತೀರ್ಮಾನ ಮಾಡಿದಾಗ ಕಾಗದ ಗಟ್ಟಿ ಇರುವವರು ಗೆಲ್ಲುತ್ತಾರೆ.

ಗಂಡಸರ ಮಾತಿಗೆ ಬರುತ್ತೇನೆ. ಬಿಟ್ಟುಹೋಗುವುದು ಅನ್ಯಾಯ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ವೈವಾಹಿಕ ಮೊಕದ್ದಮೆಗಳ ನಡುವೆ ಪ್ರಾಣ ಕಳೆದುಕೊಂಡರು. ದೇಶವೆಲ್ಲ ಅದನ್ನು ಚರ್ಚಿಸಿತು. ಅದೇ ವಾರ ಬೇರೊಂದು ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ನಿರ್ದಿಷ್ಟ ಆರೋಪವಿಲ್ಲದೆ ಗಂಡನ ಇಡೀ ಕುಟುಂಬವನ್ನು 498ಎಗೆ ಎಳೆಯುವುದರ ವಿರುದ್ಧ ಎಚ್ಚರಿಸಿತು. ನಾದಿನಿಯ ಗಂಡನವರೆಗೆ ಹೆಸರು ಸೇರಿಸುವ ದೂರುಗಳಿವೆ, ಅದರಿಂದ ನಿರಪರಾಧಿಗಳು ವರ್ಷಗಟ್ಟಲೆ ಅಲೆದಿದ್ದಾರೆ, ಇದನ್ನು ಒಪ್ಪಬೇಕು. ಆದರೆ 498ಎ ಪ್ರಕರಣಗಳಲ್ಲಿ ಶಿಕ್ಷೆಯ ಪ್ರಮಾಣ ಐದರಲ್ಲೊಂದಕ್ಕಿಂತ ಕಡಿಮೆ, ಹಾಗಾಗಿ ಉಳಿದವು ಸುಳ್ಳು ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಸಿದ್ಧಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯವೂ ಇದೆ, 2007ರಿಂದ ಮಧ್ಯಸ್ಥಿಕೆ ಕೇಂದ್ರವೂ ಇದೆ. ಅಲ್ಲಿ ಒಪ್ಪಂದವಾದಾಗ ಷರತ್ತುಗಳ ಪಟ್ಟಿಯಲ್ಲಿ ಜೀವನಾಂಶ, ಒಡವೆ ವಾಪಸಾತಿ, ಮಗುವಿನ ಭೇಟಿಯ ಜತೆಗೆ ಕ್ರಿಮಿನಲ್ ಕೇಸು ಹಿಂತೆಗೆತವೂ ಇರುತ್ತದೆ. ಆಮೇಲೆ ಹೈಕೋರ್ಟ್ ಅದನ್ನು ರದ್ದು ಮಾಡುತ್ತದೆ, ಇಲ್ಲವೇ ಸಾಕ್ಷಿಗಳು ಏನೂ ಗೊತ್ತಿಲ್ಲ ಎಂದು ಹೇಳುವುದರಿಂದ ಖುಲಾಸೆಯಾಗುತ್ತದೆ. ಅದರಿಂದ ಹೊಡೆತ ಬಿದ್ದಿತ್ತೋ ಇಲ್ಲವೋ ಎಂಬುದು ತೀರ್ಮಾನವಾಗುವುದೇ ಇಲ್ಲ. ಮೊಕದ್ದಮೆ ಬೇಗ ಮುಗಿದರೆ ಸುಳ್ಳು ಆರೋಪಕ್ಕೆ ಗುರಿಯಾದ ಗಂಡಸಿಗೂ ನಿಜವಾಗಿ ನೊಂದ ಹೆಣ್ಣಿಗೂ ಲಾಭ. ದೇಶದ ಆತ್ಮಹತ್ಯೆಗಳಲ್ಲಿ 2022ರಲ್ಲಿ ಶೇ 31.7ರಷ್ಟಕ್ಕೆ ಕೌಟುಂಬಿಕ ಸಮಸ್ಯೆ ಕಾರಣ ಎಂದು ದಾಖಲಾಗಿದೆ. ಅದರಲ್ಲಿ ಗಂಡು ಹೆಣ್ಣು ಇಬ್ಬರೂ ಇದ್ದಾರೆ. ಅಂಥ ಯೋಚನೆ ಬಂದವರಿಗೆ ಟೆಲಿ ಮಾನಸ್ ಸಹಾಯವಾಣಿಯ 14416 ಇದೆ. ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ.

ಈಗ ಆ ಎರಡು ಸಲದ ಪ್ರಶ್ನೆ. ಮೊದಲ ಏಟಿಗೂ ಕೊನೆಯ ದಿನಕ್ಕೂ ನಡುವೆ ಯಾರಾದರೂ ಬರಬೇಕಿತ್ತಲ್ಲ, ಅವರು ಯಾರು? ಕಾನೂನಿನಲ್ಲಿ ಉತ್ತರ ಇದೆ: ಸಂರಕ್ಷಣಾಧಿಕಾರಿ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಡಿವಿ ಕಾಯ್ದೆ ಈ ಹುದ್ದೆಯನ್ನು ಹುಟ್ಟುಹಾಕಿತು. ದೂರು ಕೇಳಿ ಕೌಟುಂಬಿಕ ಘಟನಾ ವರದಿ ಬರೆಯುವುದು, ಆಸ್ಪತ್ರೆಗೆ ಕಳಿಸುವುದು, ವಕೀಲರನ್ನು ಒದಗಿಸುವುದು, ನ್ಯಾಯಾಲಯದ ಆದೇಶವನ್ನು ಮನೆಯಲ್ಲಿ ಜಾರಿ ಮಾಡಿಸುವುದು ಆ ಅಧಿಕಾರಿಯ ಕೆಲಸ. ಕರ್ನಾಟಕದಲ್ಲಿ ಈ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ (ಸಿಡಿಪಿಒ) ಹೆಗಲಿಗೆ ಬಿತ್ತು. ನೂರಾರು ಅಂಗನವಾಡಿಗಳ ಮೇಲ್ವಿಚಾರಣೆ, ಪೌಷ್ಟಿಕ ಆಹಾರ, ಸಮೀಕ್ಷೆ, ಸಭೆಗಳ ನಡುವೆ ಸಿಡಿಪಿಒ ಒಬ್ಬರು ರಾತ್ರಿ ಹನ್ನೊಂದಕ್ಕೆ ಯಾರ ಮನೆಯ ಬಾಗಿಲು ತಟ್ಟಲು ಸಾಧ್ಯ? ಅವರನ್ನು ದೂರುತ್ತಿಲ್ಲ; ಒಂದು ಪೂರ್ಣಕಾಲಿಕ ಕೆಲಸವನ್ನು ಇನ್ನೊಂದು ಪೂರ್ಣಕಾಲಿಕ ಕೆಲಸದ ಬೆನ್ನಿಗೆ ಕಟ್ಟಿದ ಸರ್ಕಾರವನ್ನು ದೂರುತ್ತಿದ್ದೇನೆ. ನ್ಯಾಯಾಲಯದ ಕಥೆಯೂ ಹಾಗೇ. ಮೊದಲ ವಿಚಾರಣೆ 3 ದಿನದೊಳಗೆ, ಅರ್ಜಿಯ ವಿಲೇವಾರಿ 60 ದಿನದೊಳಗೆ ಆಗಬೇಕೆಂದು ಕಾಯ್ದೆ ಬಯಸುತ್ತದೆ. ಬೆಂಗಳೂರಿನಲ್ಲಿ ಈ ಅರ್ಜಿಗಳಲ್ಲಿ ಬಹಳಷ್ಟನ್ನು ಕೇಳುವುದು ಎಂಎಂಟಿಸಿ ಎಂದು ಕರೆಯುವ ನ್ಯಾಯಾಲಯಗಳು, ಮೂಲತಃ ಸಂಚಾರ ಪ್ರಕರಣಗಳಿಗೆಂದು ಹೆಸರಾದವು. ಅಲ್ಲಿ 60 ದಿನ ವರ್ಷಗಳಾಗುತ್ತವೆ.

ಸರ್ಕಾರಕ್ಕೆ ಹೆಚ್ಚು ಖರ್ಚಿಲ್ಲದ ಒಂದು ಕೆಲಸ ಇದೆ. ಮದುವೆಯಾಗಿ 7 ವರ್ಷದೊಳಗೆ ಹೆಣ್ಣೊಬ್ಬಳು ಅಸ್ವಾಭಾವಿಕವಾಗಿ ಸತ್ತರೆ ಶವ ಮಹಜರನ್ನು ಪೊಲೀಸರು ಮಾಡುವುದಿಲ್ಲ, ತಹಶೀಲ್ದಾರ್ ಮಾಡುತ್ತಾರೆ. ತವರಿನವರನ್ನು ಕೂರಿಸಿ ಹೇಳಿಕೆ ಬರೆದುಕೊಳ್ಳುತ್ತಾರೆ. ಮೊದಲೇ ಯಾವ ಠಾಣೆಗೆ ಹೋಗಿದ್ದಳು, ಯಾರು ಮುಚ್ಚಳಿಕೆ ಬರೆಸಿಕೊಂಡರು, ನೊಂದ ಹೆಂಗಸರ ನೆರವಿಗಿರುವ ಸಾಂತ್ವನ ಕೇಂದ್ರಕ್ಕೋ ಸಖಿ ಕೇಂದ್ರಕ್ಕೋ ಫೋನು ಮಾಡಿದ್ದಳೇ, ಆಸ್ಪತ್ರೆಯಲ್ಲಿ ಬಿದ್ದೆ ಎಂದು ಸುಳ್ಳು ಹೇಳಿ ಹೊಲಿಗೆ ಹಾಕಿಸಿಕೊಂಡಿದ್ದಳೇ, ಎಲ್ಲವೂ ಆ ಹೇಳಿಕೆಗಳಲ್ಲಿ ಬರುತ್ತದೆ. ಆಮೇಲೆ ಆ ಕಾಗದ ಒಂದೊಂದು ಕಡತಕ್ಕೆ ಹೋಗಿ ಸೇರುತ್ತದೆ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಈ ಮಹಜರುಗಳನ್ನು ವರ್ಷಕ್ಕೊಮ್ಮೆ ಒಟ್ಟಿಗೆ ಇಟ್ಟು, ಹೆಸರುಗಳನ್ನು ತೆಗೆದು ಓದಿದರೆ ಯಾವ ಬಾಗಿಲಿಗೆ ಬಂದವಳು ಯಾವ ಬಾಗಿಲಿನಿಂದ ವಾಪಸ್ ಹೋದಳು ಎಂಬುದು ತಿಳಿಯುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಯೊಳಗಿನ ಪ್ರತಿ ಕೊಲೆಯ ನಂತರ ಇಂಥ ಪರಿಶೀಲನೆ 2011ರಿಂದ ಕಡ್ಡಾಯ. ನಮ್ಮಲ್ಲಿ ಅರ್ಧ ಕೆಲಸ ಆಗಲೇ ಕಾಗದದ ಮೇಲಿದೆ. 2024ರ ಜುಲೈ 1ರಿಂದ 498ಎ ಹೋಗಿ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳು ಬಂದಿವೆ, ವರದಕ್ಷಿಣೆ ಸಾವಿನ 304ಬಿ ಹೋಗಿ 80 ಬಂದಿದೆ. ಕಲಂಗಳ ಅಂಕಿ ಬದಲಾಗಿದೆ. ಮಹಜರು ಓದುವವರನ್ನು ಇನ್ನೂ ನೇಮಿಸಬೇಕಿದೆ.

ಅಧಿಕಾರಿಗಳು ಬರುವ ತನಕ ಕಾಯಬೇಕಿಲ್ಲ ಎಂಬುದಕ್ಕೂ ಡಿವಿ ಕಾಯ್ದೆಯಲ್ಲೇ ಜಾಗವಿದೆ. ಅದರ 4ನೇ ಕಲಂ ಪ್ರಕಾರ, ಒಂದು ಮನೆಯಲ್ಲಿ ದೌರ್ಜನ್ಯ ನಡೆಯುತ್ತಿದೆ, ನಡೆದಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಪಕ್ಕದ ಫ್ಲಾಟಿನವರು, ಮನೆಗೆಲಸಕ್ಕೆ ಬರುವವರು, ಆಫೀಸಿನ ಗೆಳತಿ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ, ಮನೆ ಮಾಲೀಕ, ಯಾರೇ ಆಗಲಿ. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ ಎಂದು ಅದೇ ಕಲಂ ಹೇಳುತ್ತದೆ. ಮಹಿಳೆಯರಿಗೆ 181, ಮಕ್ಕಳಿಗೆ 1098, ಹಿರಿಯರಿಗೆ 1090 ಅಥವಾ 14567, ಆ ಕ್ಷಣವೇ ಪೊಲೀಸರು ಬೇಕೆಂದರೆ 112.